ಗ್ರಾಫಿಕ್ಸ್ ಕಾರ್ಡ್‌ನ ಸ್ಪೆಕ್ ಶೀಟ್ ಓದೋದು ಹೇಗೆ?

"ಲೋ, ಯಾವ ಕಾರ್ಡ್ ತಗೊಳ್ಳಲಿ?" ಎರಡನೇ ವರ್ಷಕ್ಕೆ ಬಂದ ಮೇಲೆ ನಾವು ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಬಹುಶಃ ಇದೇ. ಕೇಳುವವರಲ್ಲಿ ಗೇಮ್ ಆಡೋರು ಇದ್ದಾರೆ, ಮಿನಿ ಪ್ರಾಜೆಕ್ಟ್‌ಗೆ ಮಷಿನ್ ಲರ್ನಿಂಗ್ ಆರಿಸಿಕೊಂಡವರು ಇದ್ದಾರೆ, ಬ್ಲೆಂಡರ್ ಕಲೀತಿರೋರು ಇದ್ದಾರೆ. ಆದರೆ ಎಲ್ಲರಿಗೂ ಸಿಗೋ ಉತ್ತರ ಒಂದೇ: "ಹೊಸದು ತಗೋ."

ಡೆಸ್ಕ್‌ಟಾಪ್ ಕಾರ್ಡ್ ಅಂದ್ರೆ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಮನೆಯಲ್ಲಿ ಬೇರೆ ಯಾವುದೋ ಖರ್ಚು ಮುಂದಕ್ಕೆ ಹಾಕಿ ಕೊಟ್ಟ ದುಡ್ಡು ಅದು. ಡಬ್ಬ ಒಡೆದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳೋದೂ ಇಲ್ಲ. ಹಾಗಾಗಿ ಈ ಸಲದ ಪಾಠದಲ್ಲಿ ಯಾವ ಕಾರ್ಡ್ ಒಳ್ಳೆಯದು ಅಂತ ನಾವು ಹೇಳುವುದಿಲ್ಲ. ಡಬ್ಬದ ಮೇಲಿರುವ ಅಂಕಿಗಳಿಂದ ನೀವೇ ಲೆಕ್ಕ ಹಾಕಿ ತೀರ್ಮಾನಿಸುವುದು ಹೇಗೆ ಅಂತ ನೋಡೋಣ. ಬೇಕಾಗಿರೋದು ಗುಣಾಕಾರ, ಭಾಗಾಕಾರ ಅಷ್ಟೇ.

ಎರಡು ಕಾರ್ಡ್, ಒಂದು ಪಟ್ಟಿ

ಉದಾಹರಣೆಗೆ ಎನ್‌ವಿಡಿಯಾದ ಎರಡು ಕಾರ್ಡ್ ತಗೊಳ್ಳೋಣ. ಎರಡೂ ನಮ್ಮ ಹಾಸ್ಟೆಲ್ ರೂಮುಗಳಲ್ಲಿ ಇವೆ.

ಆರ್‌ಟಿಎಕ್ಸ್ 3060 (2021ರ ಫೆಬ್ರವರಿ)
- ಕುಡಾ ಕೋರ್: 3584
- ಬೂಸ್ಟ್ ಕ್ಲಾಕ್: 1.777 ಗಿಗಾಹರ್ಟ್ಸ್
- ಮೆಮೊರಿ: 12 ಜಿಬಿ ಜಿಡಿಡಿಆರ್6
- ಬಸ್ ಅಗಲ: 192 ಬಿಟ್
- ಮೆಮೊರಿ ವೇಗ: ಪ್ರತಿ ಪಿನ್‌ಗೆ ಸೆಕೆಂಡಿಗೆ 15 ಗಿಗಾಬಿಟ್
- ಎಲ್2 ಕ್ಯಾಶ್: 3 ಎಂಬಿ
- ವಿದ್ಯುತ್: 170 ವ್ಯಾಟ್

ಆರ್‌ಟಿಎಕ್ಸ್ 4060 (2023ರ ಜೂನ್)
- ಕುಡಾ ಕೋರ್: 3072
- ಬೂಸ್ಟ್ ಕ್ಲಾಕ್: 2.46 ಗಿಗಾಹರ್ಟ್ಸ್
- ಮೆಮೊರಿ: 8 ಜಿಬಿ ಜಿಡಿಡಿಆರ್6
- ಬಸ್ ಅಗಲ: 128 ಬಿಟ್
- ಮೆಮೊರಿ ವೇಗ: ಪ್ರತಿ ಪಿನ್‌ಗೆ ಸೆಕೆಂಡಿಗೆ 17 ಗಿಗಾಬಿಟ್
- ಎಲ್2 ಕ್ಯಾಶ್: 24 ಎಂಬಿ
- ವಿದ್ಯುತ್: 115 ವ್ಯಾಟ್

ಈಗಲೇ ಒಂದು ವಿಚಿತ್ರ ಕಾಣುತ್ತೆ. ಎರಡು ವರ್ಷದ ನಂತರ ಬಂದ ಕಾರ್ಡ್‌ನಲ್ಲಿ ಕೋರ್ ಕಡಿಮೆ, ಮೆಮೊರಿ ಕಡಿಮೆ, ಬಸ್ಸೂ ಕಿರಿದು. ಹಾಗಾದ್ರೆ ಇದು ಹಿಂದಕ್ಕೆ ಹೋಯ್ತಾ, ಮುಂದಕ್ಕೆ ಬಂತಾ? ಉತ್ತರ: ನೀವು ಮಾಡುವ ಕೆಲಸ ಯಾವುದು ಅನ್ನೋದರ ಮೇಲೆ ಎರಡೂ ಸತ್ಯ. ಯಾಕೆ ಅಂತ ನೋಡೋಣ.

ಮದುವೆ ಮನೆಯ ಪಂಕ್ತಿ

ಜಿಪಿಯುವನ್ನು ಒಂದು ದೊಡ್ಡ ಮದುವೆ ಊಟ ಅಂದುಕೊಳ್ಳಿ. ಎಲೆ ಮುಂದೆ ಕೂತವರು ಕೋರ್‌ಗಳು. ಅಡುಗೆ, ಸಾಮಾನು ತುಂಬಿಟ್ಟ ಉಗ್ರಾಣ ಅಂದ್ರೆ ಕಾರ್ಡ್ ಮೇಲಿನ ಮೆಮೊರಿ, ಅಂದರೆ ವಿರ್ಯಾಮ್. ಬಡಿಸುವವರು ಎಷ್ಟು ಜನ ಅನ್ನೋದು ಬಸ್ ಅಗಲ; ಅವರು ಎಷ್ಟು ಬೇಗ ಓಡಾಡ್ತಾರೆ ಅನ್ನೋದು ಪಿನ್ ವೇಗ. ಪಂಕ್ತಿಯ ತುದಿಯಲ್ಲಿ ಇಟ್ಟ ಸಾಂಬಾರಿನ ಬಕೆಟ್ ಎಲ್2 ಕ್ಯಾಶ್. ಉಗ್ರಾಣದಲ್ಲಿ ಇಲ್ಲದ್ದನ್ನು ಪೇಟೆಯಿಂದ ತರಿಸಬೇಕಾದರೆ, ಆ ಪೇಟೆ ನಿಮ್ಮ ಕಂಪ್ಯೂಟರಿನ ಸಾಮಾನ್ಯ ರ್ಯಾಮ್. ಅಲ್ಲಿಗೆ ಹೋಗುವ ರಸ್ತೆ ಪಿಸಿಐಇ ಸ್ಲಾಟ್.

ಸಾವಿರ ಜನ ಊಟಕ್ಕೆ ಕೂತು ಬಡಿಸೋಕೆ ನಾಲ್ಕೇ ಜನ ಇದ್ರೆ ಏನಾಗುತ್ತೆ? ಎಲ್ಲರೂ ಖಾಲಿ ಎಲೆ ನೋಡ್ತಾ ಕೂರ್ತಾರೆ. ಸ್ಪೆಕ್ ಶೀಟ್ ಓದುವ ವಿದ್ಯೆಯ ಅರ್ಧ ಭಾಗ ಇದೇ: ನನ್ನ ಕೆಲಸದಲ್ಲಿ ಕೊರತೆ ಇರೋದು ಉಣ್ಣುವವರದ್ದಾ, ಬಡಿಸುವವರದ್ದಾ, ಉಗ್ರಾಣದ ಜಾಗದ್ದಾ?

ಲೆಕ್ಕ 1: ಟೆರಾಫ್ಲಾಪ್ಸ್

ಒಂದು ಕೋರ್ ಪ್ರತಿ ಕ್ಲಾಕ್‌ಗೆ ಒಂದು ಗುಣಾಕಾರ ಮತ್ತು ಒಂದು ಸಂಕಲನವನ್ನು ಒಟ್ಟಿಗೆ ಮಾಡಬಲ್ಲದು. ಅದನ್ನು ಎರಡು ಲೆಕ್ಕ ಅಂತ ಎಣಿಸುತ್ತಾರೆ. ಹಾಗಾಗಿ:

ಕೋರ್ ಸಂಖ್ಯೆ × 2 × ಕ್ಲಾಕ್

3060: 3584 × 2 × 1.777 = 12,737 ಗಿಗಾಫ್ಲಾಪ್ಸ್, ಅಂದರೆ ಸುಮಾರು 12.7 ಟೆರಾಫ್ಲಾಪ್ಸ್.
4060: 3072 × 2 × 2.46 = 15,114 ಗಿಗಾಫ್ಲಾಪ್ಸ್, ಅಂದರೆ ಸುಮಾರು 15.1 ಟೆರಾಫ್ಲಾಪ್ಸ್.

ಕೋರ್ ಕಡಿಮೆ ಇದ್ದರೂ ಕ್ಲಾಕ್ ಜಾಸ್ತಿ ಇರೋದರಿಂದ 4060 ಮುಂದೆ. ಕೋರ್ ಎಣಿಸಿ ಕಾರ್ಡ್ ಆರಿಸಬಾರದು ಅನ್ನೋದಕ್ಕೆ ಇದು ಮೊದಲ ಕಾರಣ.

ಎರಡನೇ ಕಾರಣ ಇನ್ನೂ ಸ್ವಾರಸ್ಯವಾಗಿದೆ. 2019ರ ಆರ್‌ಟಿಎಕ್ಸ್ 2060ರಲ್ಲಿ 1920 ಕೋರ್ ಇದ್ದವು, 3060ರಲ್ಲಿ 3584. ಹೆಚ್ಚೂಕಮ್ಮಿ ಎರಡು ಪಟ್ಟು. ಆದರೆ ಆಟಗಳಲ್ಲಿ ವೇಗ ಎರಡು ಪಟ್ಟು ಆಗಲಿಲ್ಲ, ಅದರ ಹತ್ತಿರಕ್ಕೂ ಬರಲಿಲ್ಲ. ಕೋರ್‌ಗಳು ಎಸ್‌ಎಂ ಅನ್ನುವ ಗುಂಪುಗಳಲ್ಲಿ ಇರುತ್ತವೆ. 2060ರಲ್ಲಿ 30 ಎಸ್‌ಎಂ, ಒಂದೊಂದರಲ್ಲೂ 64 ಕೋರ್. 3060ರಲ್ಲಿ 28 ಎಸ್‌ಎಂ, ಒಂದೊಂದರಲ್ಲೂ 128. ಗುಂಪುಗಳು ಕಮ್ಮಿಯಾಗಿವೆ, ಗಮನಿಸಿ! ಹೊಸ 128ರಲ್ಲಿ ಅರ್ಧದಷ್ಟು ಕೋರ್‌ಗಳು ಒಂದು ಕ್ಲಾಕ್‌ನಲ್ಲಿ ದಶಮಾಂಶ ಲೆಕ್ಕವನ್ನಾದರೂ ಮಾಡಬೇಕು, ಪೂರ್ಣಾಂಕ ಲೆಕ್ಕವನ್ನಾದರೂ ಮಾಡಬೇಕು. ಎರಡನ್ನೂ ಒಟ್ಟಿಗೆ ಮಾಡಲಾರವು. ಹಳೆಯದರಲ್ಲಿ ಪೂರ್ಣಾಂಕಕ್ಕೆ ಬೇರೆ ಘಟಕಗಳೇ ಇದ್ದವು. ಆಟದ ಕೋಡ್‌ನಲ್ಲಿ ವಿಳಾಸದ ಲೆಕ್ಕ, ಲೂಪ್ ಎಣಿಕೆ ಅಂತ ಪೂರ್ಣಾಂಕ ಕೆಲಸ ಬೇಕಾದಷ್ಟು ಇರುತ್ತೆ. ಹಾಗಾಗಿ ಬೇರೆ ಬೇರೆ ತಲೆಮಾರಿನ ಕೋರ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನೊಂದು ಮಾತು. ಕೋರ್‌ಗಳು ಒಬ್ಬೊಬ್ಬರಾಗಿ ಊಟ ಮಾಡೋದಿಲ್ಲ, 32ರ ಪಂಕ್ತಿಯಲ್ಲಿ ಮಾಡ್ತವೆ. ಇದಕ್ಕೆ ವಾರ್ಪ್ ಅಂತ ಹೆಸರು. ಪಂಕ್ತಿಯಲ್ಲಿ ಒಬ್ಬರದ್ದು ಮುಗಿಯದೆ ಉಳಿದವರು ಏಳುವಂತಿಲ್ಲ ಅಲ್ವಾ, ಹಾಗೇ. ನಿಮ್ಮ ಕೋಡ್‌ನಲ್ಲಿ 'ಇಫ್–ಎಲ್ಸ್' ಬಂದು 20 ಥ್ರೆಡ್ ಒಂದು ಕಡೆಗೆ, 12 ಥ್ರೆಡ್ ಇನ್ನೊಂದು ಕಡೆಗೆ ಹೋದರೆ, ಮೊದಲು ಒಂದು ಗುಂಪಿನ ಕೆಲಸ ನಡೆಯುತ್ತೆ, ಆಮೇಲೆ ಇನ್ನೊಂದರದ್ದು. ಸ್ಪೆಕ್ ಶೀಟ್‌ನ ಟೆರಾಫ್ಲಾಪ್ಸ್‌ನಲ್ಲಿ ಈ ಕಾಯುವಿಕೆ ಲೆಕ್ಕಕ್ಕೆ ಬಂದಿರುವುದಿಲ್ಲ. ಅದು ಮೇಲ್ಮಿತಿ ಮಾತ್ರ.

ಲೆಕ್ಕ 2: ಬ್ಯಾಂಡ್‌ವಿಡ್ತ್

ಬಸ್ ಅಗಲ × ಪಿನ್ ವೇಗ ÷ 8

8ರಿಂದ ಭಾಗಿಸೋದು ಬಿಟ್ ಅನ್ನು ಬೈಟ್ ಮಾಡೋಕೆ.

3060: 192 × 15 ÷ 8 = ಸೆಕೆಂಡಿಗೆ 360 ಜಿಬಿ.
4060: 128 × 17 ÷ 8 = ಸೆಕೆಂಡಿಗೆ 272 ಜಿಬಿ.

ಇಲ್ಲಿ ಹಳೆಯದೇ ಮುಂದೆ, ಅದೂ ಸಾಕಷ್ಟು ಅಂತರದಿಂದ. ಈಗ ಎರಡೂ ಲೆಕ್ಕಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ. 3060ರಲ್ಲಿ 12,737 ÷ 360 = 35. 4060ರಲ್ಲಿ 15,114 ÷ 272 = 56. ಅಂದರೆ 4060ರ ಕೋರ್‌ಗಳು ಖಾಲಿ ಕೂರಬಾರದು ಅಂದ್ರೆ ಮೆಮೊರಿಯಿಂದ ತಂದ ಪ್ರತಿ ಬೈಟ್‌ಗೂ ಸುಮಾರು 56 ಲೆಕ್ಕ ಮಾಡುವ ಕೆಲಸ ಅವಕ್ಕೆ ಸಿಗಬೇಕು. 3060ಕ್ಕೆ 35 ಸಾಕು. ಈ ವಿಚಾರವನ್ನು ರೂಫ್‌ಲೈನ್ ಮಾದರಿ ಅನ್ನುತ್ತಾರೆ. ಸ್ಯಾಮುಯೆಲ್ ವಿಲಿಯಮ್ಸ್, ಆಂಡ್ರ್ಯೂ ವಾಟರ್‌ಮನ್, ಡೇವಿಡ್ ಪ್ಯಾಟರ್ಸನ್ 2009ರಲ್ಲಿ ಇದನ್ನು ಪ್ರಕಟಿಸಿದರು. ಕಂಪ್ಯೂಟರ್ ಆರ್ಕಿಟೆಕ್ಚರ್ ಪುಸ್ತಕದ ಪ್ಯಾಟರ್ಸನ್ ಇವರೇ.

ಮೂರು ಕೆಲಸಗಳಿಗೆ ಇದನ್ನು ಹಚ್ಚಿ ನೋಡೋಣ.

ಮೊದಲನೆಯದು, ಎರಡು ದೊಡ್ಡ ಅರೇಗಳನ್ನು ಕೂಡುವುದು. ಒಂದು ಸಂಕಲನಕ್ಕೆ ಎರಡು ಸಂಖ್ಯೆ ಓದಬೇಕು, ಒಂದನ್ನು ಬರೆಯಬೇಕು. ಒಂದೊಂದು 4 ಬೈಟ್, ಒಟ್ಟು 12 ಬೈಟ್. 12 ಬೈಟ್‌ಗೆ ಒಂದೇ ಲೆಕ್ಕ! 3060 ಗರಿಷ್ಠ ಅಂದ್ರೆ ಸೆಕೆಂಡಿಗೆ 360 ÷ 12 = 30 ಗಿಗಾ ಸಂಕಲನ ಮಾಡಬಲ್ಲದು, 4060 ಸುಮಾರು 22.7. 12.7 ಟೆರಾಫ್ಲಾಪ್ಸ್ ಇರುವ ಕಾರ್ಡ್ ತನ್ನ ಶಕ್ತಿಯ ಶೇಕಡಾ ಕಾಲು ಭಾಗವನ್ನೂ ಬಳಸುತ್ತಿಲ್ಲ. ಎಲೆ ಮುಂದೆ ಎಲ್ಲರೂ ಕಾಯ್ತಾ ಕೂತಿದ್ದಾರೆ.

ಎರಡನೆಯದು, 4096 × 4096 ಮ್ಯಾಟ್ರಿಕ್ಸ್‌ಗಳ ಗುಣಾಕಾರ. ಲೆಕ್ಕಗಳು 2 × 4096³, ಅಂದರೆ ಸುಮಾರು 137 ಗಿಗಾ. ಕನಿಷ್ಠ ಓಡಾಡಬೇಕಾದ ಡೇಟಾ ಮೂರು ಮ್ಯಾಟ್ರಿಕ್ಸ್, ಸುಮಾರು 0.2 ಜಿಬಿ. ಒಂದು ಬೈಟ್‌ಗೆ 680ಕ್ಕೂ ಹೆಚ್ಚು ಲೆಕ್ಕ. ಇಲ್ಲಿ ಬಡಿಸುವವರು ಆರಾಮಾಗಿದ್ದಾರೆ, ಉಣ್ಣುವವರ ವೇಗವೇ ಮುಖ್ಯ. ಆದರ್ಶ ಸ್ಥಿತಿಯಲ್ಲಿ 3060ಕ್ಕೆ 10.8 ಮಿಲಿಸೆಕೆಂಡ್, 4060ಕ್ಕೆ 9.1. ಹೊಸದು ಗೆದ್ದಿತು.

ಮೂರನೆಯದು, ಈಗ ಎಲ್ಲರೂ ಮಾಡುತ್ತಿರೋದು: ಭಾಷಾ ಮಾದರಿಯನ್ನು ರೂಮಿನಲ್ಲೇ ಓಡಿಸುವುದು. 700 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೆ ಅದು 3.5 ಜಿಬಿ. ಒಬ್ಬರೇ ಬಳಸುವಾಗ ಒಂದೊಂದು ಟೋಕನ್ ಬರೆಯಲೂ ಮಾದರಿ ಪೂರ್ತಿಯನ್ನು ಒಮ್ಮೆ ಓದಬೇಕು. ಹಾಗಾಗಿ ಮೇಲ್ಮಿತಿ 3060ರಲ್ಲಿ 360 ÷ 3.5 = ಸೆಕೆಂಡಿಗೆ 103 ಟೋಕನ್, 4060ರಲ್ಲಿ 78. ಟೆರಾಫ್ಲಾಪ್ಸ್ ನೋಡಿ 4060 ತಗೊಂಡು ಇದೇ ಕೆಲಸಕ್ಕೆ ಇಳಿದರೆ, ಹಳೆಯ ಕಾರ್ಡ್ ಇರುವ ಪಕ್ಕದ ರೂಮಿನವರು ಮುಂದೆ ಇರ್ತಾರೆ.

ಮತ್ತೆ ಆಟದಲ್ಲಿ 4060 ಯಾಕೆ ಮುಂದೆ?

1080ಪಿ ಆಟಗಳಲ್ಲಿ ಸಾಮಾನ್ಯವಾಗಿ 4060 ಮುಂದಿರುತ್ತೆ. ಕಾರಣ ಆ 24 ಎಂಬಿ ಬಕೆಟ್. ಆಟದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಟೆಕ್ಸ್ಚರ್‌ನ ಅದೇ ಭಾಗವನ್ನು ಮತ್ತೆ ಮತ್ತೆ ಕೇಳುತ್ತವೆ. ಕೇಳಿದ್ದರಲ್ಲಿ ಅರ್ಧ ಬಕೆಟ್‌ನಲ್ಲೇ ಸಿಕ್ಕರೆ ಉಗ್ರಾಣಕ್ಕೆ ಓಡಾಟವೂ ಅರ್ಧ. ಆಗ 272 ಜಿಬಿ 544ರ ಹಾಗೆ ಕೆಲಸ ಮಾಡುತ್ತೆ. ಆದರೆ 3.5 ಜಿಬಿ ಮಾದರಿಯನ್ನು ತುದಿಯಿಂದ ತುದಿಗೆ ಓದುವಾಗ ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಹೊತ್ತಿಗೆ ಬಕೆಟ್ ಹತ್ತಾರು ಸಲ ಬದಲಾಗಿರುತ್ತೆ. ಅಲ್ಲಿ ಕ್ಯಾಶ್ ಉಪಯೋಗಕ್ಕೆ ಬರಲ್ಲ.

ಇನ್ನು ಫ್ರೇಮ್ ಜನರೇಷನ್. 40ರ ಸರಣಿಯಲ್ಲಿ ಬಂದ ಈ ಸೌಲಭ್ಯ ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಊಹಿಸಿ ತುಂಬುತ್ತೆ. ಚಿತ್ರ ನಯವಾಗಿ ಕಾಣುತ್ತೆ, ನಿಜ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸೋದು ನಿಜವಾದ ಫ್ರೇಮ್‌ನಲ್ಲಿ ಮಾತ್ರ. ಜಾಹೀರಾತಿನ ಗ್ರಾಫ್‌ನಲ್ಲಿ ಒಂದು ಕಾರ್ಡ್‌ಗೆ ಇದು ಆನ್, ಇನ್ನೊಂದಕ್ಕೆ ಆಫ್ ಇದ್ದರೆ ಆ ಹೋಲಿಕೆಯನ್ನು ಪಕ್ಕಕ್ಕಿಡಿ.

ಲೆಕ್ಕ 3: ಉಗ್ರಾಣ ಎಷ್ಟು ದೊಡ್ಡದು?

12 ಮತ್ತು 8 ಅನ್ನುವ ಅಂಕಿ ಎಲ್ಲಿಂದ ಬಂತು? ಒಂದು ಜಿಡಿಡಿಆರ್6 ಚಿಪ್ 32 ಬಿಟ್ ಬಸ್ಸನ್ನು ಬಳಸುತ್ತೆ. 192 ÷ 32 = 6 ಚಿಪ್. 128 ÷ 32 = 4 ಚಿಪ್. ಎರಡರಲ್ಲೂ ಚಿಪ್ ಒಂದಕ್ಕೆ 2 ಜಿಬಿ. ಆರು ಎರಡಲಿ ಹನ್ನೆರಡು, ನಾಲ್ಕು ಎರಡಲಿ ಎಂಟು. ಬಸ್ ಅಗಲ ತೀರ್ಮಾನವಾದಾಗಲೇ ಮೆಮೊರಿ ಎಷ್ಟಿರಬಹುದು ಅನ್ನೋದೂ ಹೆಚ್ಚೂಕಮ್ಮಿ ತೀರ್ಮಾನವಾಗಿರುತ್ತೆ. 16 ಜಿಬಿಯ 4060 ಟಿಐನಲ್ಲಿ ಬೋರ್ಡಿನ ಎರಡೂ ಬದಿಗೆ ಚಿಪ್ ಹಾಕಿ ಜೋಡಿ ಜೋಡಿಯಾಗಿ ಒಂದೇ ದಾರಿ ಹಂಚಿದ್ದಾರೆ. ಉಗ್ರಾಣ ದೊಡ್ಡದಾಯ್ತು, ಬಡಿಸುವವರು ಅಷ್ಟೇ ಜನ. ಅದರ ಬ್ಯಾಂಡ್‌ವಿಡ್ತ್ 8 ಜಿಬಿಯದ್ದರಷ್ಟೇ, 288.

ಮೆಮೊರಿಯ ಗುಣ ಬೇರೆಯದಕ್ಕಿಂತ ಭಿನ್ನ. ಕೋರ್ ಕಮ್ಮಿ ಇದ್ದರೆ ಕೆಲಸ ನಿಧಾನ ಆಗುತ್ತೆ. ಮೆಮೊರಿ ಸಾಲದಿದ್ದರೆ ಕೆಲಸ ನಡೆಯೋದೇ ಇಲ್ಲ, ಇಲ್ಲವಾದರೆ ತೆವಳುತ್ತೆ. ಪ್ರಾಜೆಕ್ಟ್ ಮಾಡುವವರಿಗೆ ಒಂದು ಸೂತ್ರ: 32 ಬಿಟ್‌ನಲ್ಲಿ ಆಡಮ್ ಬಳಸಿ ಟ್ರೇನ್ ಮಾಡುವಾಗ ಪ್ರತಿ ಪ್ಯಾರಾಮೀಟರ್‌ಗೆ 16 ಬೈಟ್ ಬೇಕು. ತೂಕಕ್ಕೆ 4, ಗ್ರೇಡಿಯಂಟ್‌ಗೆ 4, ಆಡಮ್ ನೆನಪಿಟ್ಟುಕೊಳ್ಳುವ ಎರಡು ಸರಾಸರಿಗಳಿಗೆ 8. 50 ಕೋಟಿ ಪ್ಯಾರಾಮೀಟರ್ ಅಂದರೆ ಅಲ್ಲಿಗೇ 8 ಜಿಬಿ. ಒಂದೇ ಒಂದು ಚಿತ್ರವನ್ನು ಒಳಗೆ ಬಿಡುವ ಮುಂಚೆಯೇ 4060 ತುಂಬಿ ಹೋಯ್ತು. 3060ರಲ್ಲಿ ಬ್ಯಾಚ್ ಚಿಕ್ಕದು ಮಾಡಿಕೊಂಡು ಪ್ರಯತ್ನಿಸಬಹುದು.

ಆಟದಲ್ಲಿ ಜಾಗ ತಿನ್ನೋದು ಪರದೆಯಲ್ಲ. 1920 × 1080 × 4 ಬೈಟ್ ಅಂದರೆ ಒಂದು ಫ್ರೇಮ್ ಬರೀ 8.3 ಎಂಬಿ. ತಿನ್ನೋದು ಟೆಕ್ಸ್ಚರ್‌ಗಳು: 4096 × 4096ರ ಒಂದೇ ಟೆಕ್ಸ್ಚರ್ ಕಂಪ್ರೆಸ್ ಮಾಡದಿದ್ದರೆ 67 ಎಂಬಿ, ಪಿಕ್ಸೆಲ್‌ಗೆ ಒಂದು ಬೈಟ್‌ಗೆ ಇಳಿಸಿದರೂ ಸುಮಾರು 17 ಎಂಬಿ. ಒಂದು ದೃಶ್ಯದಲ್ಲಿ ಇಂಥವು ನೂರಾರು.

ಉಗ್ರಾಣ ತುಂಬಿದರೆ ಪೇಟೆಗೆ ಓಡಬೇಕು. 4060 ಪಿಸಿಐಇ 4.0ರ 8 ಲೇನ್ ಮಾತ್ರ ಬಳಸುತ್ತೆ: ಸೆಕೆಂಡಿಗೆ ಸುಮಾರು 16 ಜಿಬಿ. 3060ಕ್ಕೆ 16 ಲೇನ್, ಸುಮಾರು 32 ಜಿಬಿ. ನಿಮ್ಮ ಮದರ್‌ಬೋರ್ಡ್ ಬಿ450ಯಂಥ ಪಿಸಿಐಇ 3.0 ಕಾಲದ್ದಾದರೆ ಎರಡೂ ಅರ್ಧವಾಗುತ್ತವೆ. 4060ಕ್ಕೆ ಉಳಿಯೋದು ಸುಮಾರು 8. 272 ಎಲ್ಲಿ, 8 ಎಲ್ಲಿ! ಆಟ ಸರಾಗವಾಗಿ ಹೋಗ್ತಾ ಇದ್ದು ಇದ್ದಕ್ಕಿದ್ದ ಹಾಗೆ ತಡವರಿಸೋಕೆ ಇದು ಒಂದು ಸಾಮಾನ್ಯ ಕಾರಣ. ಹಳೆಯ ಬೋರ್ಡ್ ಇರೋರು ಕಾರ್ಡ್ ಜೊತೆಗೆ ಸ್ಲಾಟ್‌ನ ಸ್ಪೆಕ್ ಕೂಡ ನೋಡಬೇಕು.

ವಿದ್ಯುತ್ತು, ಬಿಸಿ

ಇಲ್ಲಿ 4060ಗೆ ಪೂರ್ತಿ ಅಂಕ. 55 ವ್ಯಾಟ್ ಉಳಿತಾಯ. ದಿನಕ್ಕೆ 5 ಗಂಟೆ ಪೂರ್ತಿ ಭಾರ ಅಂದರೆ ತಿಂಗಳಿಗೆ 8 ಯೂನಿಟ್ ಚಿಲ್ಲರೆ. ಅದಕ್ಕಿಂತ ಮುಖ್ಯ ಅಂದರೆ ಆ ಅಷ್ಟೂ ವ್ಯಾಟ್ ಕೊನೆಗೆ ನಿಮ್ಮ ರೂಮಿನ ಗಾಳಿಗೇ ಬಿಸಿಯಾಗಿ ಸೇರುತ್ತೆ. ಕಲಬುರಗಿ, ರಾಯಚೂರು ಕಡೆ ಓದ್ತಿರೋರಿಗೆ ಏಪ್ರಿಲ್‌ನಲ್ಲಿ ಇದರ ಅರ್ಥ ಹೇಳಿಕೊಡಬೇಕಿಲ್ಲ. ರೂಮು 40 ಡಿಗ್ರಿ ಇದ್ದರೆ ಕಾರ್ಡ್‌ನ ಬಿಸಿ ಅಲ್ಲಿಂದ ಮೇಲಕ್ಕೆ ಏರುತ್ತೆ, ಮಿತಿ ಮುಟ್ಟಿದಾಗ ಕ್ಲಾಕ್ ತಾನೇ ಇಳಿಯುತ್ತೆ. ಬೂಸ್ಟ್ ಕ್ಲಾಕ್ ಅನ್ನೋದು ಎಲ್ಲಾ ಹೊತ್ತಲ್ಲೂ ಸಿಗುವ ಭರವಸೆಯಲ್ಲ.

ಸ್ಲಾಟ್ 75 ವ್ಯಾಟ್ ಕೊಡುತ್ತೆ, 8 ಪಿನ್ ಕನೆಕ್ಟರ್ 150. ಎರಡೂ ಕಾರ್ಡ್‌ಗೆ ಕಂಪನಿ ಸೂಚಿಸಿರೋದು 550 ವ್ಯಾಟ್ ಪವರ್ ಸಪ್ಲೈ. ಕನೆಕ್ಟರ್ ಇದೆಯಾ, ಕಾರ್ಡ್‌ನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತಾ ಅಂತ ಟೇಪ್ ಹಿಡಿದು ನೋಡಿ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೇ ಸಿಕ್ಕಿಸಬೇಕು. ನಗಬೇಡಿ, ಇದು ಆಗುತ್ತೆ.

ಹೆಸರು ನಂಬಬೇಡಿ

ಜಿಟಿ 1030 ಅನ್ನುವ ಕಾರ್ಡ್ ಒಂದೇ ಹೆಸರಿನಲ್ಲಿ ಎರಡು ಬಂತು. ಜಿಡಿಡಿಆರ್5 ಇರೋದು ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರೋದು 16.8 ಜಿಬಿ. ಸುಮಾರು ಮೂರನೇ ಒಂದು ಭಾಗ! 3060ರಲ್ಲೂ 8 ಜಿಬಿಯ ಇನ್ನೊಂದು ರೂಪ ಇದೆ: 128 ಬಿಟ್, 240 ಜಿಬಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ 3060 ಕೇಳುವಾಗ "ಎಷ್ಟು ಜಿಬಿ, ಎಷ್ಟು ಬಿಟ್" ಅಂತ ಮೊದಲು ಕೇಳಿ. 2022ರಲ್ಲಿ ಎನ್‌ವಿಡಿಯಾ 4080 ಹೆಸರಿನಲ್ಲಿ ಎರಡು ಕಾರ್ಡ್ ಘೋಷಿಸಿತು, ಒಂದರಲ್ಲಿ 9728 ಕೋರ್, ಇನ್ನೊಂದರಲ್ಲಿ 7680. ಜನ ಗಲಾಟೆ ಮಾಡಿದ ಮೇಲೆ ಎರಡನೆಯದನ್ನು ಹಿಂತೆಗೆದುಕೊಂಡು, 2023ರ ಜನವರಿಯಲ್ಲಿ 4070 ಟಿಐ ಅಂತ ಬಿಡುಗಡೆ ಮಾಡಿತು.

ಶೀಟೇ ತಪ್ಪಿದ್ದೂ ಉಂಟು. 2014ರ ಜಿಟಿಎಕ್ಸ್ 970ರಲ್ಲಿ 4 ಜಿಬಿ ಇತ್ತು, ಆದರೆ ಕೊನೆಯ ಅರ್ಧ ಜಿಬಿಗೆ ಇದ್ದ ದಾರಿ ತುಂಬಾ ನಿಧಾನ. ಎಲ್2 ಕ್ಯಾಶ್ 2 ಎಂಬಿ ಅಂತ ಹೇಳಿದ್ದು ನಿಜಕ್ಕೂ 1.75 ಎಂಬಿ. ಬಳಕೆದಾರರು ಅಳೆದು ನೋಡಿದಾಗ 2015ರ ಜನವರಿಯಲ್ಲಿ ವಿಷಯ ಹೊರಬಿತ್ತು. ಅಮೆರಿಕದಲ್ಲಿ ಮೊಕದ್ದಮೆಯಾಗಿ, ಕೊಂಡವರಿಗೆ ತಲಾ 30 ಡಾಲರ್ ಕೊಡುವ ಒಪ್ಪಂದವಾಯಿತು. ಅಳೆದವರು ನಮ್ಮಂಥ ಬಳಕೆದಾರರೇ ಅನ್ನೋದನ್ನು ಗಮನಿಸಿ.

ಮಾಡಿ ನೋಡಿ

2025ರಲ್ಲಿ ಬಂದ ಆರ್‌ಟಿಎಕ್ಸ್ 5060ರ ಅಂಕಿಗಳು: 3840 ಕೋರ್, 2.497 ಗಿಗಾಹರ್ಟ್ಸ್, 8 ಜಿಬಿ ಜಿಡಿಡಿಆರ್7, 128 ಬಿಟ್, ಪ್ರತಿ ಪಿನ್‌ಗೆ 28 ಗಿಗಾಬಿಟ್.

1. ಟೆರಾಫ್ಲಾಪ್ಸ್ ಮತ್ತು ಬ್ಯಾಂಡ್‌ವಿಡ್ತ್ ಕಂಡುಹಿಡಿಯಿರಿ. (19.2 ಮತ್ತು 448 ಬರಬೇಕು.)
2. 3.5 ಜಿಬಿ ಮಾದರಿಗೆ ಸೆಕೆಂಡಿಗೆ ಗರಿಷ್ಠ ಎಷ್ಟು ಟೋಕನ್? (128.)
3. 50 ಕೋಟಿ ಪ್ಯಾರಾಮೀಟರ್‌ಗಳ ಟ್ರೇನಿಂಗ್ ಇದರಲ್ಲಿ ಹಿಡಿಸುತ್ತಾ? (4060ರ ಕಥೆಯೇ ಇಲ್ಲೂ.)
4. ಕಂಪನಿಯ ಪಟ್ಟಿಯಲ್ಲಿ 5060ಕ್ಕೆ 614 ಎಐ ಟಾಪ್ಸ್, 4060ಕ್ಕೆ 242. ಎರಡೂವರೆ ಪಟ್ಟು ವೇಗ ಅನ್ನಬಹುದಾ? (ಇಲ್ಲ. 614 ಅನ್ನೋದು 4 ಬಿಟ್ ಲೆಕ್ಕ, 242 ಅನ್ನೋದು 8 ಬಿಟ್ ಲೆಕ್ಕ. 5060ರದ್ದನ್ನೂ 8 ಬಿಟ್‌ಗೆ ತಂದರೆ 307. ವ್ಯತ್ಯಾಸ ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ.)

ಕಡೆಗೆ ನೆನಪಿಡಬೇಕಾದ್ದು ಇಷ್ಟೇ. ಮೊದಲು ನಿಮ್ಮ ಕೆಲಸ ಮೆಮೊರಿಯಲ್ಲಿ ಹಿಡಿಸುತ್ತಾ ನೋಡಿ. ಹಿಡಿಸದಿದ್ದರೆ ಮುಂದಿನ ಅಂಕಿ ಓದೋದೇ ಬೇಡ. ಹಿಡಿಸಿದರೆ, ಒಂದು ಬೈಟ್‌ಗೆ ಎಷ್ಟು ಲೆಕ್ಕ ಅಂತ ಅಂದಾಜು ಮಾಡಿ. ಕಮ್ಮಿ ಇದ್ದರೆ ಬ್ಯಾಂಡ್‌ವಿಡ್ತ್ ನೋಡಿ, ಜಾಸ್ತಿ ಇದ್ದರೆ ಟೆರಾಫ್ಲಾಪ್ಸ್ ನೋಡಿ. ಬರೀ ಆಟ, ಚಿಕ್ಕ ಕ್ಯಾಬಿನೆಟ್, ಸೆಕೆ ರೂಮು ಅನ್ನೋರಿಗೆ 4060 ಸರಿಯಾದ ಆಯ್ಕೆ. ಮಾದರಿ ಟ್ರೇನ್ ಮಾಡಬೇಕು ಅನ್ನೋರಿಗೆ ಎರಡು ವರ್ಷ ಹಳೆಯ 3060ಯೇ ಹೆಚ್ಚು ಕೆಲಸಕ್ಕೆ ಬರುತ್ತೆ. ಎರಡೂ ಉತ್ತರ ಅದೇ ಪಟ್ಟಿಯಿಂದ ಬಂದದ್ದು.

ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಇಂದು ಕೊಳ್ಳುವವರಾಗಿ ಓದುವ ಈ ಶೀಟನ್ನು ನಮ್ಮಲ್ಲಿ ಕೆಲವರು ನಾಳೆ ಬರೆಯುವ ಕಡೆಗೂ ಹೋಗಬಹುದು. ಅಲ್ಲಿಯವರೆಗೆ ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತಗೊಂಡು ಈ ಮೂರು ಲೆಕ್ಕ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ.